ಎಂಟು ನಿಮಿಷದ ಲೆಕ್ಕ

ಶರಣು ಅಂತ ಕರೆಯೋಣ. ನಿಜವಾದ ಹೆಸರು ಬೇರೆ, ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ. ವಯಸ್ಸು 27, ಊರು ವಿಜಯಪುರದ ಹತ್ತಿರದ ಒಂದು ಹಳ್ಳಿ. ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳಿಂದ ರಾಷ್ಟ್ರಮಟ್ಟಕ್ಕೆ ಹೋದ ಸೈಕಲ್ ಪಟುಗಳು ಬೇಕಾದಷ್ಟು ಜನ ಇದ್ದಾರೆ. ಶರಣು ಕೂಡ ಹೈಸ್ಕೂಲಿನಲ್ಲೇ ಕ್ರೀಡಾ ವಸತಿ ನಿಲಯ ಸೇರಿ ರೇಸಿಗೆ ಇಳಿದವರು. ಇಪ್ಪತ್ತಕ್ಕೆ ಬಿಟ್ಟು ಒಂದು ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿಕೊಂಡರು. ಇಪ್ಪತ್ನಾಲ್ಕಕ್ಕೆ ಬೈಕಿಗೆ ಲಾರಿ ಗುದ್ದಿ ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು.

ನಾನು ಆಪ್ತಸಮಾಲೋಚಕಿ. ಶರಣುವನ್ನು ನನ್ನ ಹತ್ತಿರ ಕರೆತಂದದ್ದು ಅವರ ಅಕ್ಕ. "ರಾತ್ರಿ ಮಲಗೂದಿಲ್ರೀ ಮೇಡಂ. ಮುಂಜಾನೆ ನಾಕಕ್ಕ ಎದ್ದು ಸೈಕಲ್ ತಗೊಂಡು ಹೋಗ್ತಾನ. ಏನರೆ ಕೇಳಿದ್ರ ಮೈಮ್ಯಾಲೆ ಬರ್ತಾನ" ಅಂದರು. ನಾಲ್ಕು ತಿಂಗಳಲ್ಲಿ ಬೇರೆ ರಾಜ್ಯದಲ್ಲಿ ಒಂದು ಪ್ಯಾರಾ ಸೈಕ್ಲಿಂಗ್ ಸ್ಪರ್ಧೆ ಇತ್ತು. ಕಾಲು ಹೋದ ಮೇಲೆ ಅವರ ಮೊದಲ ರೇಸ್ ಅದು.

ಮೊದಲ ದಿನ ನಾನೊಂದು ತಪ್ಪು ಮಾಡಿದೆ. ಕಥೆ ಕೇಳಿ "ನಿಮ್ಮ ಧೈರ್ಯ ದೊಡ್ಡದು" ಅಂದುಬಿಟ್ಟೆ. ಶರಣು ಕಿಟಕಿಯ ಕಡೆ ತಿರುಗಿದವರು ಮತ್ತೆ ಮಾತಾಡಲಿಲ್ಲ. ಯಾಕೆ ಅಂತ ಆಮೇಲೆ ತಿಳಿಯಿತು. ಊರಲ್ಲಿ ಮೂರು ಸನ್ಮಾನ ಆಗಿದ್ದವು, ಶಾಲು ಹೊದಿಸಿ, ಹಾರ ಹಾಕಿ. ಕಾಲು ಹೋದ ಮೇಲೆ ಅವರು ಆಗ ಇನ್ನೂ ಒಂದು ರೇಸನ್ನೂ ಓಡಿಸಿರಲಿಲ್ಲ. "ಸುಮ್ನ ಸೈಕಲ್ ಮ್ಯಾಲೆ ಕುಂತಿದ್ದಕ್ಕ ಚಪ್ಪಾಳಿ ಹೊಡಿತಾರ್ರೀ. ನಾ ಮೊದಲ ಮೆಡಲ್ ತಂದಾಗ ಯಾರೂ ಹೊಡೀಲಿಲ್ಲ" ಅಂದರು. ನನ್ನದೂ ಅಂಥದ್ದೇ ಒಂದು ಚಪ್ಪಾಳೆ ಆಗಿತ್ತು.

ಎರಡನೇ ಸಲ ನಾನು ಬರೀ ನಿದ್ದೆ, ಊಟ, ಸಿಟ್ಟಿನ ಬಗ್ಗೆ ಕೇಳಿದೆ. ಸಾಯುವ ಯೋಚನೆ ಬರುತ್ತದೆಯಾ ಅಂತಲೂ ನೇರವಾಗಿ ಕೇಳಿದೆ. ಇಂಥದ್ದನ್ನು ಸುತ್ತಿ ಬಳಸಿ ಕೇಳಬಾರದು. ಆಸ್ಪತ್ರೆಯಲ್ಲಿದ್ದಾಗ ಬಂದಿತ್ತಂತೆ, ಈಗ ಇಲ್ಲ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ನಂಬರ್ 14416 ಅನ್ನು ಅವರ ಫೋನಿನಲ್ಲೂ ಅಕ್ಕನ ಫೋನಿನಲ್ಲೂ ಹಾಕಿಸಿದೆ.

ನಿದ್ದೆ ಬಾರದಿರಲು ಕಾರಣ ಬೇರೆಯೇ ಇತ್ತು. ಬಹಳ ಹೊತ್ತು ತಡೆದು ಹೇಳಿದರು: "ಇಲ್ಲದ ಬೆರಳು ಉರೀತಾವ್ರೀ. ಯಾರಿಗೆ ಹೇಳೂದು? ತಲಿ ಕೆಟ್ಟೈತಿ ಅಂತಾರ." ಮೂರು ವರ್ಷ ಅದನ್ನು ಒಬ್ಬರೇ ಹೊತ್ತಿದ್ದರು. ಕಾಲು ಹೋದರೂ ಮಿದುಳಿನಲ್ಲಿ ಆ ಕಾಲಿನ ಜಾಗ ಹಾಗೇ ಉಳಿದಿರುತ್ತದೆ, ಕೈಕಾಲು ಕಳೆದುಕೊಂಡ ಬಹಳಷ್ಟು ಜನರಿಗೆ ಈ ನೋವು ಬರುತ್ತದೆ, ನೋವು ನಿಜವಾದದ್ದೇ ಅಂತ ಹೇಳಿದೆ. ಇದಕ್ಕೆ ಔಷಧಿ ಇದೆ, ಕನ್ನಡಿ ಇಟ್ಟುಕೊಂಡು ಮಾಡುವ ವ್ಯಾಯಾಮವೂ ಇದೆ. ಅದು ನನ್ನ ಕೆಲಸ ಅಲ್ಲ, ಹಾಗಾಗಿ ಡಾಕ್ಟರಿಗೆ ಚೀಟಿ ಬರೆದುಕೊಟ್ಟೆ. ತಲೆ ಕೆಟ್ಟಿಲ್ಲ ಅಂತ ಗೊತ್ತಾದದ್ದಕ್ಕೇ ಅರ್ಧ ಹಗುರಾದರು ಅನ್ನಿಸುತ್ತದೆ.

ಮೂರನೇ ಭೇಟಿಗೆ ಒಂದು ಹಳೇ ನೋಟ್ ಬುಕ್ ತಂದರು. ಹಾಸ್ಟೆಲ್ ದಿನಗಳದ್ದು. ಸೋಲಾಪುರ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಹೋಗಿ ಹತ್ತು ವಾಪಸ್ ಬಂದ ಸಮಯಗಳು, ತಾರೀಕಿನ ಸಮೇತ. ಹತ್ತೊಂಬತ್ತನೇ ವಯಸ್ಸಿನ ಒಳ್ಳೆಯ ದಿನದಲ್ಲಿ 20 ಕಿಲೋಮೀಟರಿಗೆ 28 ನಿಮಿಷ. ಈಗ ಅದೇ ದಾರಿಗೆ 36. "ಎಂಟು ನಿಮಿಷ ಎಲ್ಲಿ ಹೋತ್ರೀ ಮೇಡಂ?" ಅಂದಾಗ ದನಿ ಒಡೆಯಿತು.

ಕಾಲಿಗಾಗಿ ಅವರು ಅತ್ತಿರಲಿಲ್ಲ. ಎಂಟು ನಿಮಿಷಕ್ಕಾಗಿ ಅತ್ತರು. ನಾನು ಸುಮ್ಮನೆ ಕೂತೆ.

ಮುಂದಿನ ವಾರ ಒಂದು ಹಾಳೆ ಕೊಟ್ಟು, ಆ ಎಂಟು ನಿಮಿಷವನ್ನು ಬಿಡಿಸಿ ಬರೆಯಿರಿ ಅಂದೆ. ಅವರು ಲೆಕ್ಕದ ಮನುಷ್ಯ. ಏಳು ವರ್ಷ ರೇಸಿನ ತರಬೇತಿ ಇಲ್ಲದ್ದಕ್ಕೆ ಎಷ್ಟು? ಏರಿದ 11 ಕಿಲೋ ತೂಕಕ್ಕೆ? ಎರವಲು ತಂದ ಸೈಕಲ್ಲಿಗೆ? ಮೂರು ತಾಸು ನಿದ್ದೆ ಮಾಡಿ ಹೊರಡುವುದಕ್ಕೆ? ಕಾಲಿಗೆ? ಪೆನ್ನು ಕಚ್ಚುತ್ತಾ ಬಹಳ ಹೊತ್ತು ಯೋಚಿಸಿದರು. ಕಾಲಿನ ಮುಂದೆ "3" ಅಂತ ಬರೆದು, ಹೊಡೆದುಹಾಕಿ, "2½" ಅಂತ ಬರೆದರು. ಅಷ್ಟೂ ಅಂದಾಜು, ನನಗೂ ಗೊತ್ತು. ಆದರೆ ಅಲ್ಲಿಯವರೆಗೆ ಎಂಟಕ್ಕೆ ಎಂಟೂ ಕಾಲಿನ ಖಾತೆಗೇ ಬಿದ್ದಿದ್ದವು. ಮಿಕ್ಕ ಐದೂವರೆಯಲ್ಲಿ ತಿರುಗಿ ಬರುವಂಥದ್ದೂ ಇತ್ತು. ಆ ಎರಡೂವರೆ ಮಾತ್ರ ಬರುವುದಿಲ್ಲ. ಬರುತ್ತದೆ ಅಂತ ನಾನೂ ಹೇಳಲಿಲ್ಲ. ಕಾಲಿನ ಮೀನಖಂಡ, ಪಾದದ ಗಿಣ್ಣು ಇಲ್ಲದ ಮೇಲೆ ತುಳಿಯುವ ಬಲವೆಲ್ಲ ತೊಡೆ, ಸೊಂಟದಿಂದಲೇ ಬರಬೇಕು.

ಹೊಸ ನೋಟ್ ಬುಕ್ ಶುರು ಮಾಡಿ ಅಂದೆ. ಹಳೆಯದನ್ನು ಎಸೆಯುವುದು ಬೇಡ, ಅದು ಅಕ್ಕನ ಹತ್ತಿರ ಇರಲಿ. ಹೊಸದರಲ್ಲಿ ಮೊದಲ ಸಾಲು 36 ನಿಮಿಷ. ಹೋಲಿಕೆ ಏನಿದ್ದರೂ ಅಲ್ಲಿಂದ ಈಚೆಗೆ. ಸಮಯದ ಪಕ್ಕದಲ್ಲಿ ಇನ್ನೂ ಎರಡು ಕಾಲಂ ಹಾಕಿಸಿದೆ: ಎಷ್ಟು ತಾಸು ನಿದ್ದೆ, ಮತ್ತು ಚರ್ಮ ಹೇಗಿದೆ.

ಚರ್ಮದ ಕಾಲಂ ಯಾಕೆ ಅಂದರೆ, ಅಷ್ಟರಲ್ಲಿ ನನಗೊಂದು ಅನುಮಾನ ಬಂದಿತ್ತು. ಕೂತಲ್ಲಿ ಪದೇ ಪದೇ ಕಾಲು ಸರಿಸುತ್ತಿದ್ದರು. ಕೇಳಿದೆ. ಕೃತಕ ಕಾಲಿನ ಸಾಕೆಟ್, ಅಂದರೆ ಕಾಲಿನ ತುದಿ ಕೂರುವ ಬಟ್ಟಲು, ಉಜ್ಜಿ ಗಾಯ ಆಗಿತ್ತು, ಮೂರು ವಾರದಿಂದ. ಬಟ್ಟೆ ಸುತ್ತಿಕೊಂಡು ಸೈಕಲ್ ಹೊಡೆಯುತ್ತಿದ್ದರು. ಹೇಳಿದರೆ ನಿಲ್ಲಿಸು ಅಂತಾರೆ ಅನ್ನೋ ಭಯ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ. ಚರ್ಮ ಕಿತ್ತ ಮೇಲೆ ಕೃತಕ ಕಾಲು ಹಾಕಿ ತುಳಿದರೆ ಸೋಂಕಾಗುತ್ತದೆ. ಹತ್ತು ದಿನ ಉಳಿಸಲು ಹೋಗಿ ಎರಡು ತಿಂಗಳು ಕಳೆದುಕೊಳ್ಳುತ್ತೀರಿ ಅಂದೆ. ಬೆಳಿಗ್ಗೆ, ರಾತ್ರಿ ಕೈಗನ್ನಡಿ ಹಿಡಿದು ಕಾಲಿನ ತುದಿ, ಹಿಂಭಾಗ ನೋಡಿಕೊಳ್ಳಬೇಕು. ಸಾಕೆಟ್ಟಿನ ಒಳಗೆ ಕಾಲಿಗೆ ಹಾಕಿಕೊಳ್ಳುವ ಮೆತ್ತನೆಯ ಚೀಲ, ಲೈನರನ್ನು, ದಿನಾ ತೊಳೆದು ಒಣಗಿಸಬೇಕು. ನಮ್ಮ ಬಿಸಿಲಲ್ಲಿ ಬೆವರು ಒಳಗೇ ನಿಲ್ಲುತ್ತದೆ, ಅರ್ಧ ದಾರಿಯಲ್ಲಿ ಇಳಿದು ಬಿಚ್ಚಿ ಒರೆಸಿಕೊಳ್ಳುವುದು ನಾಚಿಕೆಯ ವಿಷಯ ಅಲ್ಲ.

ಮುಖ್ಯವಾಗಿ ಕಾಲು ಮಾಡಿಕೊಟ್ಟವರ ಹತ್ತಿರ ಹೋಗಲು ಹೇಳಿದೆ. ಕತ್ತರಿಸಿ ಉಳಿದ ಕಾಲಿನ ಭಾಗ ಕಾಲಕ್ರಮೇಣ ಸಣ್ಣಗಾಗುತ್ತದೆ, ಹಳೇ ಸಾಕೆಟ್ ಸಡಿಲಾಗುತ್ತದೆ. ಶರಣು ಹೋದಾಗ ಅವರು ಸಾಕೆಟ್ಟಿನ ಹಿಂದಿನ ಅಂಚನ್ನು ತಗ್ಗಿಸಿಕೊಟ್ಟರು. ಪೆಡಲ್ ಮೇಲೆ ಬಂದಾಗ ಮೊಣಕಾಲಿನ ಹಿಂದೆ ಚುಚ್ಚುತ್ತಿದ್ದದ್ದು ಅದೇ. ಸೈಕಲ್ ಅಂಗಡಿಯವರು ಚಿಕ್ಕ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಹಾಕಿದರು, ಮೊಣಕಾಲು ಅಷ್ಟು ಮಡಚಬೇಕಾಗಿಲ್ಲ. ಶೂ ಅಡಿಯಲ್ಲಿ ಪೆಡಲಿಗೆ ಸಿಕ್ಕಿಕೊಳ್ಳುವ ಕ್ಲೀಟನ್ನು ಹಿಮ್ಮಡಿ ಕಡೆಗೆ ಸರಿಸಿದರು. ಇವೆಲ್ಲ ನನಗೆ ತಿಳಿಯದ ಸಂಗತಿ, ಶರಣು ನನಗೆ ಕಲಿಸಿದ್ದು. ಕಲಿಸುವಾಗ ಅವರ ಮುಖ ಬೇರೆಯೇ ಇತ್ತು.

ಇನ್ನೊಂದು ಅವಮಾನವೂ ಆಗ ಹೊರಬಂತು. ಪೆಡಲಿನಿಂದ ಶೂ ಬಿಡಿಸಲು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು. ಗಿಣ್ಣಿಲ್ಲದ ಕಾಲಿನಲ್ಲಿ ಅದು ಕಷ್ಟ. ಗೋಲಗುಮ್ಮಟದ ಹತ್ತಿರ, ಜನರ ಮುಂದೆ, ಎರಡು ಸಲ ಸೈಕಲ್ ಸಮೇತ ಬಿದ್ದಿದ್ದರು. ಅದಕ್ಕೇ ಬೆಳಗಿನ ನಾಲ್ಕು ಗಂಟೆ! ನಾನು ತರಬೇತಿಯ ಹುಚ್ಚು ಅಂದುಕೊಂಡಿದ್ದೆ. ಯಾವಾಗಲೂ ಬಲಗಾಲನ್ನೇ ಮೊದಲು ಬಿಡಿಸಿ ಊರುವ ಅಭ್ಯಾಸವನ್ನು ಹುಲ್ಲಿನ ಮೈದಾನದಲ್ಲಿ ದಿನಾ ಇಪ್ಪತ್ತು ಸಲ ಮಾಡಿ, ನಾಲ್ಕು ಗಂಟೆಯನ್ನು ಆರು ಮಾಡಿ ಅಂದೆ. ಕತ್ತಲಲ್ಲಿ ಹೆದ್ದಾರಿಯ ಮೇಲೆ ಒಬ್ಬರೇ ಹೋಗುವುದನ್ನು ನಿಲ್ಲಿಸಿದ್ದಕ್ಕೆ ಅಕ್ಕ ನನಗೆ ಹೋಳಿಗೆ ತಂದುಕೊಟ್ಟರು.

ರೇಸ್ ಹತ್ತಿರ ಬಂದಾಗ ಚಿಂತೆ ವರ್ಗೀಕರಣದ ಕಡೆ ತಿರುಗಿತು. ಸಾಮಾನ್ಯ ಸೈಕಲ್ ಓಡಿಸುವ ಪ್ಯಾರಾ ಪಟುಗಳಿಗೆ ಸಿ1ರಿಂದ ಸಿ5ರವರೆಗೆ ಐದು ವರ್ಗ ಇವೆ, ನಂಬರ್ ಕಡಿಮೆ ಆದಷ್ಟೂ ಊನ ಹೆಚ್ಚು. ಕೈಯಿಂದ ತಿರುಗಿಸುವ ಸೈಕಲ್ಲಿಗೆ, ಮೂರು ಚಕ್ರದ್ದಕ್ಕೆ, ಕಣ್ಣು ಕಾಣದವರು ಇನ್ನೊಬ್ಬರ ಹಿಂದೆ ಕೂತು ತುಳಿಯುವ ಜೋಡಿ ಸೈಕಲ್ಲಿಗೆ ಬೇರೆ ವರ್ಗಗಳು. ಪರೀಕ್ಷೆಯಲ್ಲಿ ಅಪರಿಚಿತರ ಮುಂದೆ ಕಾಲು ಬಿಚ್ಚಿಡಬೇಕು. "ಮನ್ಯಾಗ ಅಪ್ಪನ ಮುಂದೂ ಬಿಚ್ಚೂದಿಲ್ರೀ. ಬಿಚ್ಚಿದ್ರ ಅಪ್ಪ ಎದ್ದು ಹೊರಗ ಹೋಗ್ತಾನ" ಅಂದರು. ಹಾಗಾಗಿ ಮೊದಲು ನನ್ನ ಕೋಣೆಯಲ್ಲಿ, ಅಕ್ಕನ ಮುಂದೆ, ಎರಡು ಸಲ ಬಿಚ್ಚಿ ಹಾಕಿ ರೂಢಿ ಮಾಡಿಕೊಂಡರು. ಜೊತೆಗೆ ಒಬ್ಬರು ಇರಬಹುದು ಅಂತ ತಿಳಿದು ಅಕ್ಕನೂ ಟಿಕೆಟ್ ತೆಗೆಸಿದರು.

ಇದೇ ಹೊತ್ತಿಗೆ ಹಿತೈಷಿಯೊಬ್ಬರು ಕಿವಿಮಾತು ಹೇಳಿದ್ದರು: ಸ್ವಲ್ಪ ಜಾಸ್ತಿ ಕುಂಟಿ ತೋರಿಸು, ಬಲ ಕಡಿಮೆ ಹಾಕು, ಕೆಳಗಿನ ವರ್ಗ ಸಿಕ್ಕರೆ ಮೆಡಲ್ ಗ್ಯಾರಂಟಿ. ಶರಣು ಇದನ್ನು ನನಗೆ ಹೇಳಿ ನನ್ನ ಮುಖ ನೋಡಿದರು. ಅದು ಮೋಸ, ಸಿಕ್ಕಿಬಿದ್ದರೆ ನಿಷೇಧ ಆಗುತ್ತದೆ ಅಂದೆ. ಆದರೆ ನಾನು ಬೇರೆಯದನ್ನೂ ಕೇಳಿದೆ: "ಇಷ್ಟು ದಿನ ಕುಂಟು ಕಾಣಬಾರದು ಅಂತ ಒದ್ದಾಡಿದ್ರಿ, ಈಗ ಜಾಸ್ತಿ ಕುಂಟೋಕೆ ಆಗುತ್ತಾ?" ಜೋರಾಗಿ ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಪರೀಕ್ಷೆಯಲ್ಲಿ ಇದ್ದದ್ದನ್ನು ಇದ್ದಂತೆ ತೋರಿಸಿದರು. ಸಿಕ್ಕಿದ್ದು ಸಿ4. ಬ್ರಿಟನ್ನಿನ ಜೋಡಿ ಕಂಡಿ ಅನ್ನೋ ಸೈಕಲ್ ಪಟುವೂ ಸಿ4 ಅಂತ ಖುಷಿಯಿಂದ ಫೋನ್ ಮಾಡಿದರು. ನನಗೆ ಆ ಹೆಸರು ಗೊತ್ತಿರಲಿಲ್ಲ. ಒಂದು ಪಾದ ಇಲ್ಲದ ಮನುಷ್ಯ, ಮೊದಲು ಈಜುಗಾರ, ಆಮೇಲೆ ಸೈಕಲ್ಲಿಗೆ ಬಂದು 2016ರ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು. 2024ರ ಪ್ಯಾರಿಸ್‌ಗೆ ಹೋದ ಅರ್ಷದ್ ಶೇಖ್, ಜ್ಯೋತಿ ಗಡೇರಿಯಾ ಅವರ ವಿಡಿಯೋಗಳೂ ಶರಣು ಫೋನಿನಲ್ಲಿ ಇದ್ದವು. ಪ್ಯಾರಾಲಿಂಪಿಕ್ಸ್ ಸೈಕ್ಲಿಂಗ್‌ನಲ್ಲಿ ಭಾರತದಿಂದ ಮೊದಲು ಸ್ಪರ್ಧಿಸಿದವರು ಆ ಇಬ್ಬರೇ.

ಮನೆಯವರಿಗೆ ನಾನು ಹೇಳಿದ್ದು ಒಂದೇ. ವಾಪಸ್ ಬರುವ ತನಕ ಬ್ಯಾನರ್ ಕಟ್ಟಬೇಡಿ. ಊರ ಯುವಕರು ಆಗಲೇ ಫೋಟೊ ಪ್ರಿಂಟಿಗೆ ಕೊಟ್ಟಿದ್ದರಂತೆ. ಅಕ್ಕ ಹೋಗಿ ನಿಲ್ಲಿಸಿದರು.

ಟೈಮ್ ಟ್ರಯಲ್‌ನಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ. ಮುಂದೆ ಹೋದವರ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಹೊರಡುವ ಮುಂಚಿನ ಆ ಒಂದು ನಿಮಿಷದಲ್ಲಿ ತಲೆಗೆ ಏನು ಬಂದರೂ ಓಡಿಸಲು ಹೋಗಬೇಡಿ, ಬಲಗಾಲು, ಎಡಗಾಲು ಅಂತ ಉಸಿರಿನ ಜೊತೆ ಎಣಿಸಿ ಅಂದಿದ್ದೆ. ಎಣಿಸಿದರೋ ಇಲ್ಲವೋ, ಕೇಳಲು ಮರೆತೆ. ಒಂಬತ್ತು ಜನರಲ್ಲಿ ಆರನೆಯವರಾದರು. ಸಮಯ 33 ನಿಮಿಷ ಚಿಲ್ಲರೆ. ಮೂರು ನಿಮಿಷ ಇಳಿದಿದೆ ಅಲ್ವಾ ಅಂತ ನಾನು ಲೆಕ್ಕ ಹಾಕಲು ಹೋದರೆ, "ಅದು ಬ್ಯಾರೆ ರೋಡ್ರೀ ಮೇಡಂ, ಹಂಗ ಹೋಲಿಸಬಾರ್ದು" ಅಂತ ನನಗೇ ತಿದ್ದಿದರು.

ಎಲ್ಲ ಸುಸೂತ್ರ ಆಯಿತು ಅಂತಲ್ಲ. ವಾಪಸ್ ಬರುವಾಗ ರೈಲಿನ ಗದ್ದಲದಲ್ಲಿ ರಾತ್ರಿಯಿಡೀ ಕಾಲು ಬಿಚ್ಚದೆ ಕೂತು ಮತ್ತೆ ಚರ್ಮ ಕೆಂಪಾಗಿದೆ. ಈ ಸಲ ಮರೆಮಾಚಲಿಲ್ಲ, ಇಳಿದ ದಿನವೇ ಕಾಲು ಮಾಡುವವರಿಗೆ ತಾವೇ ಫೋನ್ ಮಾಡಿದ್ದಾರೆ. ಬೆರಳಿನ ಉರಿ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ನಿದ್ದೆ ಐದು ತಾಸಿಗೆ ಬಂದಿದೆ.

ಮುಂದಿನ ಭೇಟಿ ಗುರುವಾರ. ಅಪ್ಪನನ್ನೂ ಕರೆತರಲು ಹೇಳಿದ್ದೇನೆ. ಬರುತ್ತೇನೆ ಅಂದಿದ್ದಾರಂತೆ, ಆದರೆ ಹೊರಗೆ ಬೆಂಚಿನ ಮೇಲೆ ಕೂರುತ್ತೇನೆ ಅಂತ.