ಆ ಪೈನ್ ತೋಪನ್ನ ಮಿಲಿಟರಿಯವರು ಕಿತ್ಕೊಂಡ್ರಾ?

ಕಳೆದ ಸಂಚಿಕೇಲಿ ಅಮೆರಿಕದ ಸೇನಾ ನೆಲೆಗಳ ಸುತ್ತಲಿನ ಜಮೀನು ಉಳಿಸೋ ಯೋಜನೆ ಬಗ್ಗೆ ಒಂದು ಪುಟದ ಬರಹ ಹಾಕಿದ್ವಿ, ಅದ್ರಲ್ಲಿ ಒಂದು ಮರಕುಟಿಗ ಹಕ್ಕಿಯ ಮಾತೂ ಇತ್ತು. ಅದನ್ನ ಓದಿ ನಾರ್ತ್ ಕ್ಯಾರೊಲೈನಾದ ಕ್ಯಾರಿ ಊರಲ್ಲಿರೋ ಓದುಗರೊಬ್ಬರು ಪತ್ರ ಬರೆದಿದ್ದಾರೆ, ಮೂಲ ಊರು ಚಳ್ಳಕೆರೆ ಕಡೆ. ಫೋರ್ಟ್ ಬ್ರ್ಯಾಗ್ ನೆಲೆ ಹತ್ರ ಅವರ ಸ್ನೇಹಿತರ ಮನೆ ಇದೆಯಂತೆ, ಪಕ್ಕದ ಮುದುಕರೊಬ್ಬರು ತಮ್ಮ ಪೈನ್ ತೋಪಿನ ಮೇಲೆ ಯಾವುದೋ ಕಾಗದಕ್ಕೆ ಸಹಿ ಹಾಕಿ ದುಡ್ಡು ತಗೊಂಡ್ರಂತೆ, ಅದ್ರಲ್ಲಿ ಸೈನ್ಯದ ಪಾಲೂ ಇತ್ತಂತೆ. "ಇದು ಹಿಂಬಾಗಿಲಿಂದ ಜಮೀನು ಹೊಡೆಯೋ ಕೆಲಸ ಅಲ್ವಾ? ಮರಕುಟಿಗಕ್ಕೂ ಡಿಫೆನ್ಸ್ ದುಡ್ಡಿಗೂ ಏನು ಸಂಬಂಧ? ನಮ್ಮೂರ ಹುಲ್ಲುಗಾವಲು, ಆ ಕಾವಲು, ಕೈತಪ್ಪಿ ಹೋಗಿದ್ದನ್ನ ಕಣ್ಣಾರೆ ಕಂಡವನು ನಾನು, ಇದನ್ನ ನಂಬು ಅಂದ್ರೆ ಹೇಗೆ ನಂಬ್ಲಿ?" ಅಂತ ಕೇಳಿದ್ದಾರೆ.

ಸ್ವಾಮಿ, ನಿಮ್ಮ ಪತ್ರನ ಎರಡು ಸಲ ಓದಿದೆ. ನಿಮ್ಮ ಅನುಮಾನ ತಪ್ಪು ಅಂತ ಹೇಳೋಕೆ ನನಗೆ ಬಾಯಿ ಬರಲ್ಲ, ಆದ್ರೆ ಈ ವಿಷಯದಲ್ಲಿ ಅನುಮಾನ ಪಡಬೇಕಾದ ಜಾಗ ಬೇರೆ ಇದೆ ಅನ್ಸತ್ತೆ. ನಮ್ಮ ಬರಹ ತೀರಾ ಚಿಕ್ಕದಾಗಿತ್ತು, ಅದು ನಮ್ಮದೇ ತಪ್ಪು, ಅದಕ್ಕೇ ಈ ಸಲ ವಿವರವಾಗಿ ಬರೀತಿದೀನಿ.

ಮೊದ್ಲು ಆ ಕಾಗದದ ವಿಷಯ. ಅದನ್ನ ಅಲ್ಲಿ ಕನ್ಸರ್ವೇಶನ್ ಈಸ್‌ಮೆಂಟ್ ಅಂತಾರೆ. ನಮ್ಮೂರ ಕಡೆ ಹೊಲದ ನಡುವೆ ಬಂಡಿದಾರಿ ಇರತ್ತಲ್ಲ, ನಕಾಶೆಲೇ ಇರತ್ತೆ, ಹೊಲ ನಿಮ್ಮದೇ, ಪಹಣಿ ನಿಮ್ಮದೇ, ಕಂದಾಯ ಕಟ್ಟೋರೂ ನೀವೇ, ಆದ್ರೆ ಆ ದಾರಿನ ಉತ್ತು ಮುಚ್ಚೋ ಹಾಗಿಲ್ಲ, ನಾಳೆ ನಿಮ್ಮ ಮಗನಿಗೆ ಬಂದ್ರೂ ಮಾರಿದ್ರೂ ಆ ದಾರಿ ಜಮೀನಿನ ಜೊತೆಗೇ ಹೋಗತ್ತೆ. ಇದೂ ಹೆಚ್ಚುಕಮ್ಮಿ ಹಾಗೇ. ಆ ಮುದುಕರು ಮಾರಿರೋದು ಜಮೀನನ್ನಲ್ಲ, ಅಲ್ಲಿ ಲೇಔಟ್ ಮಾಡೋ ಹಕ್ಕನ್ನ ಮಾತ್ರ. ಬೇಸಾಯ ಮಾಡಬಹುದು, ಕರಾರಲ್ಲಿ ಹೇಳಿದ ರೀತೀಲಿ ಮರ ಕಡೀಬಹುದು, ಮಕ್ಕಳಿಗೆ ಬಿಡಬಹುದು, ಬೇರೆಯವರಿಗೆ ಮಾರಬಹುದು, ನೂರು ಮನೆ ಮಾತ್ರ ಎಬ್ಬಿಸೋ ಹಾಗಿಲ್ಲ. ದುಡ್ಡು ಎಷ್ಟು ಅಂದ್ರೆ, ಲೇಔಟ್ ಮಾಡೋಕೆ ಬಿಟ್ಟರೆ ಆ ಜಾಗಕ್ಕೆ ಏನು ಬೆಲೆ, ಬಿಡದಿದ್ರೆ ಏನು ಬೆಲೆ, ಎರಡರ ನಡುವಿನ ವ್ಯತ್ಯಾಸದ ಲೆಕ್ಕ. ಆ ಹಕ್ಕು ಸಾಮಾನ್ಯವಾಗಿ ಸೈನ್ಯದ ಹೆಸರಲ್ಲೂ ಇರಲ್ಲ, ಜೊತೆಗಾರ ಸಂಸ್ಥೆ ಹೆಸರಲ್ಲಿರತ್ತೆ, ಅದು ಜಮೀನು ಉಳಿಸೋಕೆ ಅಂತಲೇ ಇರೋ ಲ್ಯಾಂಡ್ ಟ್ರಸ್ಟ್ ಆಗಿರಬಹುದು, ರಾಜ್ಯ ಸರ್ಕಾರವೋ ಕೌಂಟಿಯೋ (ನಮ್ಮ ಜಿಲ್ಲೆ ಇದ್ದ ಹಾಗೆ) ಆಗಿರಬಹುದು. ಖರ್ಚನ್ನ ಹಂಚ್ಕೋತಾರೆ. ಮತ್ತೆ ಮಾರೋರಿಗೆ ಇಷ್ಟ ಇದ್ರೆ ಮಾತ್ರ, ಬಲವಂತದ ಸ್ವಾಧೀನ ಇದ್ರಲ್ಲಿ ಇಲ್ಲ. 2002ರ ಕೊನೇಲಿ ಅಮೆರಿಕದ ಸಂಸತ್ತು ಇದಕ್ಕೆ ಕಾನೂನು ಮಾಡ್ತು, ಆ ಯೋಜನೆಗೆ ರೆಪಿ (REPI) ಅಂತ ಚಿಕ್ಕ ಹೆಸರು, ಇವತ್ತಿಗೆ ದೇಶದುದ್ದಕ್ಕೂ 10 ಲಕ್ಷ ಎಕರೆಗಿಂತ ಜಾಸ್ತಿ ಜಮೀನು ಹೀಗೆ ಉಳಿದಿದೆ.

ಈಗ ಮರಕುಟಿಗ. ನೀವು ಇದನ್ನ ನಗುವ ವಿಷಯ ಅನ್ನೋ ಹಾಗೆ ಕೇಳಿದೀರಿ, ಆದ್ರೆ ಇಡೀ ಕಥೆ ಶುರುವಾಗಿದ್ದೇ ಅಲ್ಲಿಂದ, ನಿಮ್ಮ ಸ್ನೇಹಿತರ ಊರ ಪಕ್ಕದಿಂದಲೇ.

ರೆಡ್ ಕಾಕೇಡೆಡ್ ವುಡ್‌ಪೆಕ್ಕರ್ ಅನ್ನೋದು ಒಂದು ಗೇಣುದ್ದದ ಕಪ್ಪು ಬಿಳಿ ಹಕ್ಕಿ. ಬೇರೆ ಮರಕುಟಿಗಗಳು ಹೆಚ್ಚಾಗಿ ಒಣಮರ ಹುಡುಕಿದ್ರೆ ಇದು ಜೀವಂತ ಪೈನ್ ಮರಾನೇ ಕೊರೆಯತ್ತೆ, ಅದೂ ಎಂಬತ್ತು ನೂರು ವರ್ಷದ ಹಳೇ ಮರ, ಒಳಗಿನ ತಿರುಳು ಶಿಲೀಂಧ್ರ ಹಿಡಿದು ಮೆತ್ತಗಾಗಿರೋ ಅಂಥದ್ದು. ಒಂದು ಗೂಡು ಕೊರೆಯೋಕೆ ವರ್ಷಗಟ್ಟಲೆ ಹಿಡಿಯತ್ತೆ. ಗೂಡಿನ ಬಾಯಿ ಸುತ್ತ ಸಣ್ಣ ಸಣ್ಣ ತೂತು ಮಾಡಿ ದಿನಾ ಕುಕ್ಕಿ ರಾಳ ಸುರಿಯೋ ಹಾಗೆ ಮಾಡತ್ತೆ, ಕಾಂಡದ ಮೇಲೆ ಮೇಣದ ಬತ್ತಿ ಕರಗಿ ಇಳಿದ ಹಾಗೆ ಬಿಳೀ ಅಂಟು, ಮರ ಹತ್ತೋ ಹಾವು ಆ ಅಂಟು ದಾಟಿ ಮೇಲೆ ಬರೋಕೆ ಒದ್ದಾಡತ್ತೆ. ಹಿಂದಿನ ವರ್ಷ ಹುಟ್ಟಿದ ಕೆಲವು ಗಂಡುಮರಿಗಳು ಮನೆ ಬಿಟ್ಟು ಹೋಗದೆ ತಮ್ಮ-ತಂಗಿಯರಿಗೆ ಗುಟುಕು ಕೊಡ್ತಾವೆ, ನಮ್ಮ ಹಳೇ ಕೂಡು ಕುಟುಂಬದ ಹಾಗೇನೇ.

ಅದಕ್ಕೆ ಬೇಕಾಗಿರೋದು ಲಾಂಗ್‌ಲೀಫ್ ಪೈನ್ ಕಾಡು. ಒಂದು ಕಾಲದಲ್ಲಿ ಅಮೆರಿಕದ ಆಗ್ನೇಯ ಭಾಗದಲ್ಲಿ ಸುಮಾರು 9 ಕೋಟಿ ಎಕರೆ ಇದ್ದ ಈ ಕಾಡು ಕಡಿದೂ ಕಡಿದೂ 30 ಲಕ್ಷ ಎಕರೆ ಹತ್ತಿರಕ್ಕೆ ಇಳಿದಿತ್ತು. ಉಳಿದ ಒಳ್ಳೇ ತುಂಡುಗಳಲ್ಲಿ ಕೆಲವು ಸೇನಾ ನೆಲೆಗಳ ಒಳಗೇ ಇದ್ವು. ಯಾಕೆ ಅಂದ್ರೆ ಅಲ್ಲಿ ಯಾರೂ ಲೇಔಟ್ ಮಾಡಿರಲಿಲ್ಲ, ಜೊತೆಗೆ ಫಿರಂಗಿ ಗುಂಡುಗಳು ಬಿದ್ದು ಆಗಾಗ ಬೆಂಕಿ ಹತ್ತತಿತ್ತು. ಈ ಕಾಡಿಗೆ ಬೆಂಕಿ ಬೇಕೇ ಬೇಕು ಸ್ವಾಮಿ. ಲಾಂಗ್‌ಲೀಫ್ ಸಸಿ ಮೊದಲ ಕೆಲವು ವರ್ಷ ಮರದ ಹಾಗೇ ಕಾಣಲ್ಲ, ಹುಲ್ಲಿನ ಕುಚ್ಚಿನ ಹಾಗೆ ನೆಲಕ್ಕೇ ಕೂತಿರತ್ತೆ, ಬೆಂಕಿ ಬಂದಾಗ ಹೊರಗಿನ ಸೂಜಿಎಲೆ ಸುಡತ್ತೆ, ನಡುವಿನ ಮೊಗ್ಗು ಉಳಿಯತ್ತೆ, ಬೇರೆ ಗಿಡಗಂಟಿ ಸುಟ್ಟುಹೋಗಿ ಇದಕ್ಕೆ ಬಿಸಿಲು ಸಿಗತ್ತೆ. ಎರಡು ಮೂರು ವರ್ಷಕ್ಕೊಮ್ಮೆ ಬೆಂಕಿ ಹಾಯದಿದ್ರೆ ಓಕ್ ಪೊದೆ ಎದ್ದು ಹಕ್ಕಿ ಜಾಗ ಬಿಟ್ಟು ಹೋಗತ್ತೆ.

1990ರಲ್ಲಿ ಏನಾಯ್ತು ಅಂದ್ರೆ, ಫೋರ್ಟ್ ಬ್ರ್ಯಾಗ್‌ನ ತರಬೇತಿಯಿಂದ ಈ ಹಕ್ಕಿಯ ಉಳಿವಿಗೇ ಅಪಾಯ ಇದೆ ಅಂತ ವನ್ಯಜೀವಿ ಇಲಾಖೆ ಲಿಖಿತವಾಗಿ ಹೇಳ್ತು. ಗೂಡಿರೋ ಮರಗಳಿಗೆ ಬಿಳೀ ಪಟ್ಟಿ ಬಳಿದ್ರು, ಸುತ್ತ 200 ಅಡಿ ಒಳಗೆ ಗುಂಡಿ ತೋಡೋ ಹಾಗಿಲ್ಲ, ಬಿಡಾರ ಹೂಡೋ ಹಾಗಿಲ್ಲ. ಪ್ಯಾರಾಚೂಟ್ ಸೈನಿಕರ 82ನೇ ಏರ್‌ಬೋರ್ನ್ ಡಿವಿಷನ್ ಇರೋ ನೆಲೆ ಅದು, ಅವರಿಗೆ ಉಸಿರು ಕಟ್ಟಿದ ಹಾಗಾಯ್ತು. ಹೊರಗಡೆ ಇನ್ನೂ ಕೆಟ್ಟದ್ದು ನಡೀತಿತ್ತು, ಹಕ್ಕಿ ಬಂದು ಕೂತ್ರೆ ಕಾನೂನು ಬರತ್ತೆ ಅಂತ ಹೆದರಿ ಕೆಲವು ಮಾಲೀಕರು ಮರ ಹಳೇದಾಗೋ ಮುಂಚೇನೇ ಕಡಿದುಬಿಡೋರು. ಹೊರಗೆ ಕಾಡು ಕಮ್ಮಿ ಆದಷ್ಟೂ ಹಕ್ಕಿಗೆ ನೆಲೆಯ ಒಳಗಿನ ಮರಗಳೇ ಗತಿ, ಅದು ಒಳಗೇ ಸೇರ್ಕೊಂಡಷ್ಟೂ ಸೈನಿಕರಿಗೆ ಜಾಗ ಕಮ್ಮಿ.

1995ರಲ್ಲಿ ಎರಡು ಕೆಲಸ ಆಯ್ತು. ಒಂದು, ಜಮೀನು ಮಾಲೀಕರ ಜೊತೆ ಸೇಫ್ ಹಾರ್ಬರ್ ಅನ್ನೋ ಕರಾರು, ಈಗ ಇರೋ ಹಕ್ಕಿಗಳನ್ನ ನೋಡ್ಕೊಳ್ಳಿ, ನೀವು ಕಾಡು ಚೆನ್ನಾಗಿಟ್ಟಿದ್ದಕ್ಕೆ ಹೊಸದಾಗಿ ಬಂದ್ರೆ ಅದರ ನೆಪದಲ್ಲಿ ನಿಮ್ಮ ಮೇಲೆ ಹೊಸ ನಿರ್ಬಂಧ ಬರಲ್ಲ ಅನ್ನೋ ಭರವಸೆ. ಇನ್ನೊಂದು, ಸೈನ್ಯ ದಿ ನೇಚರ್ ಕನ್ಸರ್ವೆನ್ಸಿ ಸಂಸ್ಥೆ ಜೊತೆ ಕೈಜೋಡಿಸಿ ಹೊರಗಿನ ಕಾಡು ಉಳಿಸೋಕೆ ಹೊರಟಿದ್ದು. ಹೊರಗೆ ಹಕ್ಕಿಗೆ ನೆಲೆ ಸಿಕ್ಕಿದ್ರೆ ಒಳಗಿನ ಹೊರೆ ಇಳಿಯತ್ತೆ ಅನ್ನೋದೇ ಲೆಕ್ಕ. ಮರಿ ಮಾಡೋ 350 ಹಕ್ಕಿ ಗುಂಪುಗಳ ಗುರಿ 2006ರ ಹೊತ್ತಿಗೆ, ಅಂದುಕೊಂಡಿದ್ದಕ್ಕಿಂತ ಐದು ವರ್ಷ ಮುಂಚೇನೇ ತಲುಪಿದ್ರು, ತರಬೇತಿ ಮೇಲಿನ ನಿರ್ಬಂಧಗಳು ಬಹಳಷ್ಟು ಸಡಿಲ ಆದ್ವು. 2024ರಲ್ಲಿ ಆ ಹಕ್ಕಿಯನ್ನ ತೀವ್ರ ಅಪಾಯದ ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿಳಿಸಿದ್ರು. ಇದನ್ನ ಬರೆಯೋವಾಗ ನನಗೆ ನಿಜವಾಗ್ಲೂ ಖುಷಿ ಆಗ್ತಿದೆ.

ಹಕ್ಕಿ ಒಂದೇ ಕಾರಣ ಅಲ್ಲ. ಫಿರಂಗಿ ಹೊಡೆದ್ರೆ ಕಿಟಕಿ ಗಾಜು ಅದುರತ್ತೆ ಅಂತ ದೂರು ಬರತ್ತೆ, ರಾತ್ರಿ ತರಬೇತಿಗೆ ಕಗ್ಗತ್ತಲು ಬೇಕು, ಸುತ್ತ ಬಡಾವಣೆ ದೀಪ ಇದ್ರೆ ನೈಟ್ ವಿಷನ್ ಕನ್ನಡಕ ಹಾಕ್ಕೊಂಡು ಏನು ಕಲೀತಾರೆ. ಮನೆಗಳು ಬಂದ್ರೆ ಹೊಗೆ ಅಂತ ಜನ ಕಾಡಿಗೆ ಬೇಕಾದ ಬೆಂಕಿ ಹಾಕೋಕೂ ಬಿಡಲ್ಲ. ಸೈನ್ಯದ್ದು ಸ್ವಾರ್ಥ ಅಂತ ಬರೆದಿದೀರಿ, ಹೌದು ಸ್ವಾರ್ಥವೇ. ಪುಣ್ಯಕ್ಕೆ ಅಂತ ಮಾಡಿದ್ದಿದ್ರೆ ಮುಂದಿನ ಬಜೆಟ್ಟಲ್ಲಿ ಕೈಬಿಡೋರು, ತಮಗೆ ಬೇಕು ಅಂತ ಮಾಡಿದ್ರಿಂದ ಇಷ್ಟು ವರ್ಷ ನಡೀತಿದೆ ಅನ್ನೋದು ನನ್ನ ಅಭಿಪ್ರಾಯ.

ಹಾಗಂತ ಎಲ್ಲ ಸರಿ ಇದೆ ಅಂತಲ್ಲ. ಈಸ್‌ಮೆಂಟ್ ಶಾಶ್ವತ, ಇವತ್ತು ದುಡ್ಡು ತಗೊಳ್ಳೋರು ಅಪ್ಪ, ಕಟ್ಟುಬೀಳೋರು ಮೊಮ್ಮಕ್ಕಳು. ನಡುವೆ ಒಬ್ಬರು ಒಪ್ಪದೆ ಬಿಲ್ಡರ್‌ಗೆ ಮಾರಿದ್ರೆ ಸುತ್ತಲಿನ ನಾಲ್ಕು ಜನ ಒಪ್ಪಿದ್ದೂ ಅರ್ಧ ಉಪಯೋಗ. ಸಾರ್ವಜನಿಕರ ದುಡ್ಡು ಹಾಕಿದ ಕಾಡಿಗೆ ಸಾರ್ವಜನಿಕರೇ ಕಾಲಿಡೋ ಹಾಗಿಲ್ಲದಿರೋದೂ ಉಂಟು, ಖಾಸಗಿ ಜಮೀನಲ್ವಾ.

ನಮ್ಮ ದೇಶದ್ದು ಹೇಳಬೇಕಂದ್ರೆ ನಮ್ಮಲ್ಲಿ 1903ರ ವರ್ಕ್ಸ್ ಆಫ್ ಡಿಫೆನ್ಸ್ ಆಕ್ಟ್ ಇದೆ, ಬ್ರಿಟಿಷರ ಕಾಲದ್ದು, ಸೇನಾ ಜಾಗದ ಸುತ್ತ ಕಟ್ಟಡ ಬೇಡ ಅನ್ನೋ ದಾರಿ ಅದು. ಪರಿಹಾರದ ಮಾತೂ ಅದ್ರಲ್ಲಿದೆ. ಆದ್ರೆ ನನ್ನ ಸೋದರಮಾವನೊಬ್ಬರು ನೆಲೆಯೊಂದರ ಪಕ್ಕ ಸೈಟು ತಗೊಂಡು, ಎನ್ಒಸಿ ಸಿಗದೆ, ಮಾರೋಕೂ ಆಗದೆ ಹತ್ತು ವರ್ಷ ಅಲೆದಿದ್ದನ್ನ ನಾನು ನೋಡಿದೀನಿ, ಅವರಿಗೆ ಯಾರೂ ನಿಮ್ಮ ಹಕ್ಕಿಗೆ ಇಷ್ಟು ಬೆಲೆ ಅಂತ ಬಂದು ಕೂತು ಮಾತಾಡಲಿಲ್ಲ. ಕೈಗೆ ಸಿಕ್ಕಿದ್ದು ಬೇಡ ಅನ್ನೋ ಕಾಗದ ಒಂದೇ.

ಕೊನೇದಾಗಿ ನಿಮ್ಮ ಕಾವಲು. ಇಲ್ಲಿ ನಿಮ್ಮ ಸಂಕಟ ನನ್ನದೂ ಹೌದು. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು ಡಿಆರ್‌ಡಿಒ, ಐಐಎಸ್‌ಸಿ, ಬಾರ್ಕ್, ಇಸ್ರೋಗೆ ಹೋಯ್ತು, ಗೋಡೆ ಎದ್ದಿತು, ಕುರಿ ಮೇಯಿಸೋರು ಹೊರಗುಳಿದ್ರು, ವಿಷಯ ಹಸಿರು ನ್ಯಾಯಮಂಡಳಿವರೆಗೂ ಹೋಯ್ತು. ಫೋರ್ಟ್ ಬ್ರ್ಯಾಗ್ ಲೆಕ್ಕ ಇಲ್ಲಿಗೆ ಹಾಗ್ಹಾಗೇ ತಂದಿಡೋಕೆ ಆಗಲ್ಲ, ಅಲ್ಲಿ ಎದುರಿಗೆ ಕೂರೋಕೆ ಪತ್ರ ಹಿಡಿದ ಒಬ್ಬ ಮಾಲೀಕ ಇದ್ದ, ಇಷ್ಟ ಇಲ್ಲ ಅನ್ನೋ ಹಕ್ಕೂ ಅವನಿಗಿತ್ತು. ಕಾವಲಿಗೆ ತಲೆಮಾರಿಂದ ಮೇಯಿಸಿದವರಿದ್ರು, ಸಹಿ ಕೇಳೋಕೆ ಅವರ ಹೆಸರಲ್ಲಿ ಕಾಗದ ಇರಲಿಲ್ಲ. ನೀವು ಅನುಮಾನ ಪಡಬೇಕಾದ ಜಾಗ ಅಂದ್ನಲ್ಲ, ಇದೇ ಅದು.

ನಿಮ್ಮ ಸ್ನೇಹಿತರ ಪಕ್ಕದ ತೋಪಿನ ಕರಾರು ಕೌಂಟಿಯ ರಿಜಿಸ್ಟರ್ ಆಫ್ ಡೀಡ್ಸ್ ಆಫೀಸಲ್ಲಿ ನೋಂದಣಿ ಆಗಿರತ್ತೆ, ಯಾರು ಬೇಕಾದ್ರೂ ನೋಡಬಹುದು. ಮಾಲೀಕರು ಯಾವ ಯಾವ ಹಕ್ಕು ತಮ್ಮ ಹತ್ರ ಉಳಿಸ್ಕೊಂಡಿದ್ದಾರೆ ಅನ್ನೋ ಭಾಗ ಮೊದ್ಲು ಓದಿ. ಓದಿದ್ಮೇಲೆ ಇನ್ನೊಂದು ಪತ್ರ ಹಾಕಿ, ಪ್ರಕಟಿಸ್ತೀವಿ. ಹೋದಾಗ ಆ ಮುದುಕರ ಒಪ್ಪಿಗೆ ಕೇಳಿ ತೋಪಿನೊಳಗೆ ಒಂದು ಸುತ್ತು ಹಾಕಿ, ಕಾಂಡದ ಮೇಲೆ ಬಿಳೀ ರಾಳ ಇಳಿದಿರೋ ಮರ ಇದ್ರೆ ಸಂಜೆ ತನಕ ಅಲ್ಲೇ ದೂರ ಕೂತಿರಿ, ಹೊತ್ತು ಮುಳುಗೋ ಮುಂಚೆ ಅವು ಒಂದೊಂದಾಗಿ ಗೂಡಿಗೆ ವಾಪಸ್ ಬರ್ತಾವೆ.