ಕ್ಯಾಂಪರ್ ವ್ಯಾನ್‌ನ ಕೊಳಚೆ ಟ್ಯಾಂಕ್ ಖಾಲಿ ಮಾಡಿದರೂ ಮೀಟರ್ ತುಂಬಿದೆ ಅನ್ನುತ್ತಿದೆ, ಏನು ಮಾಡಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಸಾಗರದ ಕಡೆಯವರು, ಟ್ರಾವೆಲರ್ ಗಾಡಿಯನ್ನು ಕ್ಯಾಂಪರ್ ವ್ಯಾನ್ ಮಾಡಿಸಿದ್ದೀರಿ. ಶೌಚದ ಟ್ಯಾಂಕ್ ಒಂದು, ಸ್ನಾನ ಮತ್ತು ಅಡುಗೆಗೆ ಬಳಸಿ ಬಿಟ್ಟ ಕೊಳೆ ನೀರಿನ ಟ್ಯಾಂಕ್ ಇನ್ನೊಂದು. ಎರಡನ್ನೂ ಪೂರ್ತಿ ಖಾಲಿ ಮಾಡಿದ ಮೇಲೂ ಮೀಟರ್‌ನಲ್ಲಿ ಮೂರರಲ್ಲಿ ಎರಡು ಭಾಗದ ದೀಪ ಆರುವುದೇ ಇಲ್ಲ. ಮನೆಯ ನಾಲ್ಕು ಜನ ಆಗುಂಬೆ ಕಡೆ ಹೊರಟಿದ್ದೀರಿ, ಅಷ್ಟರೊಳಗೆ ಸರಿ ಮಾಡಿಕೊಳ್ಳಬೇಕು. ಹೊಸ ಸೆನ್ಸರ್ ಹಾಕಿಸಲಾ ಅಂತ ಕೇಳಿದ್ದೀರಿ.

ನಾನು ಶಿವಮೊಗ್ಗದಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತೇನೆ. ಇಂಥ ವ್ಯಾನ್‌ಗಳೂ ಬರುತ್ತವೆ. ನೇರವಾಗಿ ಹೇಳುತ್ತೇನೆ: ಈಗಲೇ ಸೆನ್ಸರ್‌ಗೆ ದುಡ್ಡು ಹಾಕಬೇಡಿ. ಕೊಳಚೆ ಟ್ಯಾಂಕಿನ ಮೀಟರ್ ನೋಡುವುದು ಬಿಟ್ಟು ಒಳ್ಳೆ ನೀರಿನ ಟ್ಯಾಂಕ್ ನೋಡುವ ಅಭ್ಯಾಸ ಮಾಡಿಕೊಳ್ಳಿ. ಯಾಕೆ ಅಂತ ಹೇಳುತ್ತೇನೆ.

ಹೆಚ್ಚಿನ ವ್ಯಾನ್‌ಗಳಲ್ಲಿ ಸೆನ್ಸರ್ ಅಂದರೆ ಟ್ಯಾಂಕಿನ ಗೋಡೆಗೆ ತೂತು ಹೊಡೆದು ಕೂರಿಸಿದ ಸ್ಟೀಲ್ ಬೋಲ್ಟ್‌ಗಳು, ಅಷ್ಟೇ. ಒಂದು ತಳದಲ್ಲಿ, ಉಳಿದವು ಮೂರನೇ ಒಂದು ಭಾಗ, ಮೂರನೇ ಎರಡು ಭಾಗ ಮತ್ತು ತುಂಬುವ ಮಟ್ಟದಲ್ಲಿ. ನೀರು ಮೇಲೇರಿ ಬೋಲ್ಟ್ ಮುಟ್ಟಿದಾಗ ತಳದ ಬೋಲ್ಟ್‌ನಿಂದ ಸಣ್ಣ ಕರೆಂಟ್ ನೀರಿನ ಮೂಲಕ ಹರಿಯುತ್ತದೆ, ದೀಪ ಹತ್ತುತ್ತದೆ. ಶುದ್ಧ ನೀರಿನಲ್ಲಿ ಇದು ವರ್ಷಗಟ್ಟಲೆ ಸರಿಯಾಗಿ ನಡೆಯುತ್ತದೆ. ಕೊಳಚೆಯಲ್ಲಿ ಹಾಗಲ್ಲ. ನೀರು ಇಳಿದು ಹೋದರೂ ಗೋಡೆಗೆ ಒಂದು ಒದ್ದೆ ಪದರ ಅಂಟಿಕೊಂಡೇ ಇರುತ್ತದೆ. ಕರೆಂಟ್‌ಗೆ ಅಷ್ಟು ದಾರಿ ಸಾಕು. ಟ್ಯಾಂಕ್ ಖಾಲಿ, ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಸೆನ್ಸರ್ ಕೆಟ್ಟಿಲ್ಲ, ಅದು ಕೂತ ಜಾಗ ಕೆಟ್ಟದು.

ಟಿಶ್ಯೂ ಪೇಪರ್ ಬಳಸುವ ದೇಶಗಳಲ್ಲಿ ಪೇಪರ್ ಚೂರು ಬೋಲ್ಟ್‌ಗೆ ನೇತುಹಾಕಿಕೊಳ್ಳುವುದು ದೊಡ್ಡ ಕಾಟ. ನಾವು ನೀರು ಬಳಸುವುದರಿಂದ ಅದು ಕಡಿಮೆ. ಆದರೆ ನಮ್ಮ ಶೌಚದ ಟ್ಯಾಂಕ್ ಬೇಗ ತುಂಬುತ್ತದೆ. ಹೆಲ್ತ್ ಫಾಸೆಟ್ ಕೈಗೆ ಸಿಕ್ಕಿದರೆ ಮಕ್ಕಳು ಎಷ್ಟು ನೀರು ಬಿಡುತ್ತಾರೆ ಅಂತ ನಿಮಗೇ ಗೊತ್ತು, ಅಲ್ವಾ?

ಅಡುಗೆ ನೀರಿನ ಟ್ಯಾಂಕ್‌ಗೆ ನಮ್ಮ ಕಡೆಯದೇ ಒಂದು ತೊಂದರೆ ಇದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಮಲೆನಾಡಿನ ರಾತ್ರಿಗಳು ಅದಕ್ಕಿಂತ ಎಷ್ಟೋ ತಣ್ಣಗಿರುತ್ತವೆ. ಒಗ್ಗರಣೆ ಪಾತ್ರೆ ತೊಳೆದ ನೀರು, ತಲೆಗೆ ಹಚ್ಚಿದ ಎಣ್ಣೆ, ಸೋಪಿನ ಕೆನೆ ಎಲ್ಲ ಸೇರಿ ಬೋಲ್ಟ್‌ಗಳ ಸುತ್ತ ಮೇಣದ ಹಾಗೆ ಕೂರುತ್ತವೆ. ಜಿಡ್ಡಿನ ಜೊತೆ ಒದ್ದೆ ಕೊಳೆ ಸೇರಿದರೆ ಸುಳ್ಳು ದೀಪ ಉರಿಯುತ್ತದೆ. ಬರೀ ಜಿಡ್ಡು ಬೋಲ್ಟನ್ನು ಪೂರ್ತಿ ಮುಚ್ಚಿದರೆ ತುಂಬಿದ್ದರೂ ದೀಪ ಹತ್ತುವುದಿಲ್ಲ. ಎರಡನೆಯದೇ ಜಾಸ್ತಿ ಅಪಾಯ, ಯಾಕೆಂದರೆ ಗೊತ್ತಾಗುವುದು ಬಚ್ಚಲಲ್ಲಿ ನೀರು ವಾಪಸ್ ಬಂದಾಗ.

ಮೊದಲು ತಪ್ಪು ಎಲ್ಲಿದೆ ಅಂತ ಪತ್ತೆ ಮಾಡಿ. ಟ್ಯಾಂಕ್ ಖಾಲಿ ಇರುವಾಗ ಗಾಡಿಯ ಕೆಳಗೆ ಹೋಗಿ, ಉರಿಯುತ್ತಿರುವ ದೀಪದ ಬೋಲ್ಟ್‌ನಿಂದ ವೈರ್ ಬಿಚ್ಚಿ. ದೀಪ ಆರದಿದ್ದರೆ ತೊಂದರೆ ವೈರ್ ಅಥವಾ ಪ್ಯಾನೆಲ್‌ನಲ್ಲಿದೆ. ಆರಿದರೆ ಬೋಲ್ಟ್‌ನ ಹತ್ತಿರ ಇದೆ. ಆಗ ಮೊದಲು ಹೊರಭಾಗವನ್ನು ಒರೆಸಿ ಒಣಗಿಸಿ. ಮಳೆಗಾಲದಲ್ಲಿ ನಮ್ಮ ಮಣ್ಣುರಸ್ತೆಯ ಕೆಸರು ಟ್ಯಾಂಕಿನ ಹೊರಗೋಡೆಗೆ ಮೆತ್ತಿಕೊಂಡು ಎರಡು ಬೋಲ್ಟ್‌ಗಳ ನಡುವೆ ಸೇತುವೆ ಕಟ್ಟಬಹುದು. ಒಣಗಿಸಿ ವೈರ್ ಮತ್ತೆ ಸಿಕ್ಕಿಸಿದಾಗ ದೀಪ ಹತ್ತದಿದ್ದರೆ ನಿಮ್ಮ ಕೆಲಸ ಮುಗಿಯಿತು. ಬೋಲ್ಟ್ ತಲೆಗಳಿಗೆ ವ್ಯಾಸಲೀನ್ ಹಚ್ಚಿಬಿಡಿ, ತುಕ್ಕೂ ಹಿಡಿಯುವುದಿಲ್ಲ. ಆಮೇಲೂ ದೀಪ ಹತ್ತಿದರೆ ಕೊಳೆ ಒಳಗಿದೆ.

ಒಳಗಿನದಕ್ಕೆ ಬೇಕಾದದ್ದು ಸಮಯ ಮತ್ತು ನೀರು. ಅಡುಗೆ ನೀರಿನ ಟ್ಯಾಂಕ್‌ಗೆ ಬಿಸಿ ನೀರು, ಜೊತೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ರಾತ್ರಿಯಿಡೀ ಬಿಡಿ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್‌ಗೂ ವಾಲ್ವ್‌ನ ರಬ್ಬರ್‌ಗೂ ಒಳ್ಳೆಯದಲ್ಲ. ಶೌಚದ ಟ್ಯಾಂಕ್‌ನಲ್ಲಿ ಕಾಲು ಭಾಗ ಸೋಪು ನೀರು ಇಟ್ಟುಕೊಂಡು ಸಾಗರದಿಂದ ಶಿವಮೊಗ್ಗಕ್ಕೆ ಒಂದು ಸಲ ಬಂದು ಹೋಗಿ, ಕುಲುಕಾಟವೇ ಅರ್ಧ ಕೆಲಸ ಮಾಡುತ್ತದೆ. ಮೂತ್ರದ ಗಟ್ಟಿ ಪೊರೆ ಕೂತಿದ್ದರೆ ಸೋಪಿಗೆ ಬಗ್ಗುವುದಿಲ್ಲ. ಅದಕ್ಕೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ನೀರು ಬೇಕು. ಟ್ಯಾಂಕ್ ತುಂಬಿಸಿ ಒಂದು ದಿನ ನೆನೆಯಲು ಬಿಡಿ. ಅದರ ಜೊತೆ ಬ್ಲೀಚಿಂಗ್ ಯಾವ ಕಾರಣಕ್ಕೂ ಹಾಕಬೇಡಿ, ವಿಷ ಗಾಳಿ ಏಳುತ್ತದೆ.

ಐಸ್ ತುಂಡು ಹಾಕಿ ಗಾಡಿ ಓಡಿಸಿದರೆ ಒಳಗೆಲ್ಲ ಉಜ್ಜಿ ತೊಳೆಯುತ್ತದೆ ಅನ್ನುವ ಸಲಹೆ ತುಂಬ ಓಡಾಡುತ್ತಿದೆ. ನನಗೆ ನಂಬಿಕೆ ಇಲ್ಲ. ಐಸ್ ತೇಲುತ್ತದೆ, ಕೊಳೆ ಇರುವುದು ತಳದಲ್ಲಿ ಮತ್ತು ಗೋಡೆಯಲ್ಲಿ. ಸುಮ್ನೆ ಖರ್ಚು.

ಇಷ್ಟೆಲ್ಲ ತೊಳೆದ ಮೇಲೂ ದೀಪ ಮತ್ತೆ ಸುಳ್ಳು ಹೇಳುತ್ತದೆ. ಅದಕ್ಕೇ ಒಳ್ಳೆ ನೀರಿನ ಟ್ಯಾಂಕ್ ನೋಡಿ ಅಂದಿದ್ದು. ಗಾಡಿಯೊಳಗೆ ಬಳಸಿದ ನೀರು ಬೇರೆಲ್ಲೂ ಹೋಗುವುದಿಲ್ಲ. ಒಳ್ಳೆ ಟ್ಯಾಂಕ್‌ನಲ್ಲಿ 60 ಲೀಟರ್ ಇಳಿದಿದ್ದರೆ ಎರಡು ಕೊಳಚೆ ಟ್ಯಾಂಕ್‌ಗಳಲ್ಲಿ ಸೇರಿ ಹೆಚ್ಚುಕಡಿಮೆ 60 ಲೀಟರ್ ಇದೆ. ಕುಡಿದದ್ದು, ಅಡುಗೆಯಲ್ಲಿ ಆವಿಯಾದದ್ದು ಸ್ವಲ್ಪ ಕಳೆಯಬಹುದು. ಮೂತ್ರಕ್ಕೆ ಒಬ್ಬರಿಗೆ ದಿನಕ್ಕೆ ಒಂದೂವರೆ ಲೀಟರ್ ಸೇರಿಸಿಕೊಳ್ಳಿ. ಯಾವ ಟ್ಯಾಂಕ್‌ನಲ್ಲಿ ಎಷ್ಟು ಅಂತ ಬೇರೆ ಮಾಡಲು ಕಮೋಡ್ ಮತ್ತು ಫಾಸೆಟ್‌ಗೆ ಹೋಗುವ ಪೈಪಿಗೆ ಅರ್ಧ ಇಂಚಿನ ಫ್ಲೋ ಮೀಟರ್ ಒಂದು ಹಾಕಿಸಿ. ಅದರಲ್ಲಿ ಹರಿಯುವುದು ಒಳ್ಳೆ ನೀರು, ಹಾಗಾಗಿ ಕೊಳೆ ಕಟ್ಟುವ ಮಾತಿಲ್ಲ. ಅದು 25 ಲೀಟರ್ ತೋರಿಸಿದರೆ ಉಳಿದ 35 ಸ್ನಾನ ಮತ್ತು ಅಡುಗೆಯ ಟ್ಯಾಂಕ್‌ನಲ್ಲಿದೆ. ಮೀಟರ್ ಬೇಡ ಅಂದರೆ ಒಂದು ಫ್ಲಶ್‌ಗೆ ಎಷ್ಟು ನೀರು ಅಂತ ಒಮ್ಮೆ ಬಕೆಟ್‌ನಲ್ಲಿ ಅಳೆದು, ಬಾಗಿಲ ಹಿಂದೆ ಚೀಟಿ ಅಂಟಿಸಿ ಗೀಟು ಹಾಕುತ್ತಾ ಹೋಗಿ. ಮುಕ್ಕಾಲು ಅಂತ ಲೆಕ್ಕ ಬಂದ ಕೂಡಲೇ ಖಾಲಿ ಮಾಡಿ, ತುಂಬುವ ತನಕ ಕಾಯಬೇಡಿ.

ಒಳ್ಳೆ ಟ್ಯಾಂಕ್‌ಗೂ ಬೋಲ್ಟ್ ಸೆನ್ಸರ್ ಇದ್ದರೆ ಒಂದು ವಿಷಯ ನೆನಪಿರಲಿ. ಮಳೆ ನೀರು, ಗುಡ್ಡದ ಅಬ್ಬಿ ನೀರಿನಲ್ಲಿ ಲವಣ ಕಡಿಮೆ, ಕರೆಂಟ್ ಚೆನ್ನಾಗಿ ಹರಿಯುವುದಿಲ್ಲ. ಕೆಲವು ಪ್ಯಾನೆಲ್‌ಗಳು ಅದನ್ನು ಖಾಲಿ ಅಂತಲೇ ತಿಳಿಯುತ್ತವೆ. ಗಾರೆ ಕೆಲಸದವರು ಬಳಸುವ ಪಾರದರ್ಶಕ ಲೆವೆಲ್ ಪೈಪನ್ನೇ ಟ್ಯಾಂಕಿನ ಪಕ್ಕ ನಿಲ್ಲಿಸಿ, 10 ಲೀಟರ್‌ಗೊಂದು ಗುರುತು ಹಾಕಿಕೊಂಡರೆ ಇದಕ್ಕಿಂತ ನಿಖರ ಬೇರೆ ಬೇಕಿಲ್ಲ. ಗಾಡಿ ಮಟ್ಟವಾಗಿ ನಿಂತಿರಬೇಕು, ಅಷ್ಟೇ. ಒಂದು ಮೀಟರ್ ಉದ್ದ, 20 ಸೆಂಟಿಮೀಟರ್ ಎತ್ತರದ ಟ್ಯಾಂಕ್ ಒಂದು ತುದಿಯಲ್ಲಿ 5 ಸೆಂಟಿಮೀಟರ್ ತಗ್ಗಿದರೆ ಎರಡು ತುದಿಗಳ ನಡುವೆ ಕಾಲು ಟ್ಯಾಂಕಿನ ವ್ಯತ್ಯಾಸ ಕಾಣುತ್ತದೆ. ಮಲೆನಾಡಿನ ಅಂಗಳಗಳ ಇಳಿಜಾರು ನಿಮಗೆ ಗೊತ್ತೇ ಇದೆ. ಚಕ್ರದ ಕೆಳಗೆ ಹಲಗೆ ಕೊಟ್ಟು, ಗಾಡಿ ಸರಿಯಾಗಿ ಕೂತ ಮೇಲೆ ಓದಿ.

ಆದರೂ ಸೆನ್ಸರ್ ಬದಲಿಸಲೇಬೇಕು ಅಂದರೆ ಹೊರಗಿನಿಂದ ಅಂಟಿಸುವ ಪಟ್ಟಿಯ ಸೆನ್ಸರ್ ತೆಗೆದುಕೊಳ್ಳಿ. ಅದು ಕೊಳಚೆಯನ್ನು ಮುಟ್ಟುವುದೇ ಇಲ್ಲ. ಆದರೆ ಪ್ಲಾಸ್ಟಿಕ್ ಟ್ಯಾಂಕ್‌ಗೆ ಮಾತ್ರ ಆಗುತ್ತದೆ. ನಮ್ಮಲ್ಲಿ ಎಷ್ಟೋ ಜನ ಸ್ಟೀಲ್ ಶೀಟ್ ವೆಲ್ಡ್ ಮಾಡಿಸಿ ಟ್ಯಾಂಕ್ ಕಟ್ಟಿಸಿರುತ್ತಾರೆ, ಅದರ ಮೇಲೆ ಆ ಪಟ್ಟಿ ಕೆಲಸ ಮಾಡುವುದಿಲ್ಲ. ಮೇಲಿನಿಂದ ಶಬ್ದ ಕಳಿಸಿ ಅಳೆಯುವ ಅಲ್ಟ್ರಾಸೋನಿಕ್ ಸೆನ್ಸರ್ ಸ್ಟೀಲ್‌ಗೂ ಆಗುತ್ತದೆ. ಆದರೆ ಸೋಪಿನ ನೊರೆ ಮತ್ತು ಸೆನ್ಸರ್ ಮೇಲೆ ಕೂರುವ ಹನಿ ಅದನ್ನೂ ದಾರಿ ತಪ್ಪಿಸುತ್ತವೆ.

ಖಾಲಿ ಮಾಡುವ ವಿಚಾರದಲ್ಲಿ ನನ್ನ ಕಳಕಳಿಯ ಮಾತು. ಮೀಟರ್ ಹೆದರಿಸಿತು ಅಂತ ದಾರಿಯಲ್ಲಿ ಸಿಕ್ಕ ಹಳ್ಳಕ್ಕೆ ವಾಲ್ವ್ ತೆರೆಯಬೇಡಿ. ತೀರ್ಥಹಳ್ಳಿ ಕಡೆಯ ಹಳ್ಳಗಳೆಲ್ಲ ತುಂಗೆ ಸೇರುತ್ತವೆ, ಆ ನೀರನ್ನೇ ನಾವು ಶಿವಮೊಗ್ಗದಲ್ಲಿ ಕುಡಿಯುತ್ತೇವೆ. ಉಳಿಯುವ ಹೋಮ್‌ಸ್ಟೇಗೆ ಮೊದಲೇ ಫೋನ್ ಮಾಡಿ, ಸೆಪ್ಟಿಕ್ ಟ್ಯಾಂಕ್‌ಗೆ ಬಿಡಬಹುದಾ ಅಂತ ಕೇಳಿ. ಒಪ್ಪಿದರೆ ಶೌಚದ ಟ್ಯಾಂಕ್ ಮೊದಲು ಬಿಡಿ, ಆಮೇಲೆ ಸೋಪು ನೀರಿನದು, ಪೈಪ್ ತಾನೇ ತೊಳೆದು ಹೋಗುತ್ತದೆ. ನೀವು ಫಿನೈಲ್ ಸುರಿದಿದ್ದರೆ ಅವರಿಗೆ ಹೇಳಿ. ಸೆಪ್ಟಿಕ್ ಟ್ಯಾಂಕಿನ ಒಳ್ಳೆ ಬ್ಯಾಕ್ಟೀರಿಯಾ ಅದರಿಂದ ಸಾಯುತ್ತವೆ.

ನಿಮ್ಮ ಟ್ಯಾಂಕ್ ಪ್ಲಾಸ್ಟಿಕ್ಕಾ ಸ್ಟೀಲಾ, ಪ್ಯಾನೆಲ್ ಹಿಂದೆ ಎಷ್ಟು ವೈರ್ ಬಂದಿವೆ ಅಂತ ನೋಡಿ ಬರೆಯಿರಿ. ಫ್ಲೋ ಮೀಟರ್ ಎಲ್ಲಿ ಕೂರಿಸಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.