ಹಸಿವನ್ನು ಹೆದರಿಸಿ ಹೇಳಿಕೊಡಬೇಡಿ

ಹೆಸರು, ಗುರುತು ಬದಲಿಸಿದ್ದೇನೆ. ಊಟದ ತೊಂದರೆಗೆ ಸಲಹೆ ಕೇಳಲು ಮನೆಯವರು ನನ್ನ ಹತ್ತಿರ ಕರೆತಂದ ಹುಡುಗನನ್ನು ಪುಟ್ಟು ಅನ್ನೋಣ. ಒಂಬತ್ತು ವರ್ಷ. ಬೆಂಗಳೂರಿನ ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜ ಇದ್ದಾರೆ.

ಊಟದ ಹೊತ್ತಾದರೆ ಅವನಿಗೆ ಹೊಟ್ಟೆನೋವು, ಬಲವಂತ ಮಾಡಿದರೆ ವಾಂತಿ. ಒಂದು ದಿನ ಒಗೆಯೋಣ ಅಂತ ಅಮ್ಮ ಶಾಲೆಯ ಬ್ಯಾಗು ಬರಿದು ಮಾಡಿದಾಗ ತಳದಲ್ಲಿ ಪ್ಲಾಸ್ಟಿಕ್ ಕವರ್ ಸಿಕ್ಕಿತು. ಒಳಗೆ ಬೂಷ್ಟು ಹಿಡಿದ ಚಪಾತಿ, ಒಣಗಿ ಕಲ್ಲಾದ ಇಡ್ಲಿ. "ಅನ್ನ ಹಾಳು ಮಾಡೋದಲ್ಲದೆ ಸುಳ್ಳು ಬೇರೆ ಕಲ್ತಿದ್ದಾನೆ ಮೇಡಂ" ಅಂತ ಅವರು ಅತ್ತುಬಿಟ್ಟರು. ಮಕ್ಕಳ ಡಾಕ್ಟರು ಆಗಲೇ ನೋಡಿದ್ದರು. ಜಂತುಹುಳ ಇಲ್ಲ, ರಕ್ತ ಚೆನ್ನಾಗಿದೆ, ತೂಕವೂ ಸರಿ ಇದೆ.

ಪುಟ್ಟು ಒಬ್ಬನೇ ನನ್ನ ಹತ್ತಿರ ಕೂತು ಚಿತ್ರ ಬರೆಯುವಾಗ ಕೇಳಿದ: "ಆಂಟಿ, ನಾನು ಅನ್ನ ಬಿಟ್ರೆ ಆ ಪಾಪು ಸತ್ತೋಗುತ್ತಾ?" ಯಾವ ಪಾಪು? ಅಮ್ಮನ ಮೊಬೈಲಿನ ಪಾಪು. ಪಕ್ಕೆಲುಬು ಕಾಣುವ ಮಗುವಿನ ವಿಡಿಯೊ. ಅವನು ಊಟ ಬಿಟ್ಟಾಗೆಲ್ಲ ಅಮ್ಮ ಅದನ್ನು ತಟ್ಟೆಯ ಪಕ್ಕದಲ್ಲೇ ಹಾಕಿ ಇಡುತ್ತಿದ್ದರು. ತಿನ್ನಲು ಹೊಟ್ಟೆಯಲ್ಲಿ ಜಾಗವಿಲ್ಲ, ಬಿಡಲು ಧೈರ್ಯವಿಲ್ಲ. ಅದಕ್ಕೇ ಮುಚ್ಚಿಟ್ಟಿದ್ದ.

ಇದನ್ನು ಹೇಳಿದಾಗ ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ವಿಡಿಯೊ ಅವತ್ತೇ ನಿಲ್ಲಬೇಕು ಅಂದೆ. ಏನು ಅಡುಗೆ, ಎಷ್ಟು ಹೊತ್ತಿಗೆ ಊಟ ಅನ್ನೋದು ನಿಮ್ಮದು. ಎಷ್ಟು ತಿನ್ನಬೇಕು ಅನ್ನೋದು ಅವನದು. ಚಿಕ್ಕ ಸೌಟು ಕೊಡಿ, ತಾನೇ ಬಡಿಸಿಕೊಳ್ಳಲಿ. ಸಾಲದಿದ್ದರೆ ಮತ್ತೆ ಹಾಕಿಕೊಳ್ಳಲಿ. ಹೊಟ್ಟೆ ತುಂಬಿದ್ದು ಗೊತ್ತಾಗದ ಮಗುವಿಗೆ ಹಸಿವು ಅಂದ್ರೆ ಏನು ಅಂತಲೂ ತಿಳಿಯಲ್ಲ.

ಇನ್ನೊಂದು ಕೆಲಸ ಇಡೀ ಮನೆಗೆ ಕೊಟ್ಟೆ. ಒಂದು ವಾರ ಹಸಿ ಕಸದ ಬಕೆಟ್ಟಿಗೆ ಏನೇ ಊಟ ಹೋದರೂ ಫ್ರಿಜ್ ಬಾಗಿಲ ಮೇಲಿನ ಹಾಳೆಯಲ್ಲಿ ಬರೆಯಬೇಕು, ಯಾರು ಹಾಕಿದ್ದು ಅಂತಲೂ. ಪುಟ್ಟುವಿನ ಹೆಸರಲ್ಲಿ ಒಂದಿಷ್ಟು ಅನ್ನ, ಬೀನ್ಸ್ ಪಲ್ಯ ಇತ್ತು. ದೊಡ್ಡವರ ಹೆಸರಲ್ಲಿ ಕೊಳೆತ ಕೊತ್ತಂಬರಿ ಕಟ್ಟು, ಹಳಸಿದ ಹುಳಿ, ಅರ್ಧ ಪ್ಯಾಕ್ ಬ್ರೆಡ್, ಹೋಟೆಲಿನಿಂದ ತರಿಸಿ ಉಳಿದ ಫ್ರೈಡ್ ರೈಸ್! ವಿಶ್ವಸಂಸ್ಥೆಯ ಪರಿಸರ ವಿಭಾಗದ ಲೆಕ್ಕದಲ್ಲಿ 2022ರಲ್ಲಿ ಪ್ರಪಂಚದಲ್ಲಿ ಹಾಳಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ನೂರಕ್ಕೆ 60ರಷ್ಟು ಮನೆಗಳದ್ದೇ. ಹಾಳೆ ನೋಡಿದ ಮೇಲೆ ಆ ಅಂಕಿಯನ್ನು ಅಪ್ಪನಿಗೆ ವಿವರಿಸುವ ಅಗತ್ಯ ಬೀಳಲಿಲ್ಲ. ಸಂತೆಗೆ ಹೋಗುವ ಮುಂಚೆ ಫ್ರಿಜ್ ನೋಡಿ ಚೀಟಿ ಬರೆಯುವ ಕೆಲಸ ಈಗ ಅವರದೂ ಪುಟ್ಟುವಿನದೂ.

ಅಜ್ಜನ ವಿಷಯ ಸ್ವಲ್ಪ ಸೂಕ್ಷ್ಮ. ಅವರು ಆಗಿನ ಬಿಜಾಪುರ ಜಿಲ್ಲೆಯವರು. 1972ರ ಬರದಲ್ಲಿ ಅವರಿಗೆ ಪುಟ್ಟುವಿನಷ್ಟೇ ವಯಸ್ಸು. "ತಾಟಿನ್ಯಾಗ ಅನ್ನ ಬಿಟ್ಟದ್ದು ನೋಡಿದ್ರ ನನಗ ತಡಕೊಳ್ಳಾಕ ಆಗಂಗಿಲ್ರಿ" ಅಂದರು. ಅವರ ಸಿಟ್ಟಿಗೆ ಕಾರಣ ಇದೆ, ಅಲ್ವಾ? ಬೈಯುವ ಬದಲು ಅದನ್ನೇ ಮೊಮ್ಮಗನಿಗೆ ಹೇಳಿ, ಆದರೆ ಊಟಕ್ಕೆ ಕೂತಾಗ ಬೇಡ ಅಂದೆ. ಅವ್ವ ಬರಗಾಲದ ಕಾಮಗಾರಿಗೆ ಜಲ್ಲಿ ಒಡೆಯಲು ಹೋಗುತ್ತಿದ್ದದ್ದು, ಒಂದು ಜೋಳದ ರೊಟ್ಟಿ ನಾಲ್ಕು ತುಂಡಾಗುತ್ತಿದ್ದದ್ದು ಎಲ್ಲ ಹೇಳಿದರಂತೆ. ಹಸಿವಾದರೆ ಎಲ್ಲಿ ನೋಯುತ್ತೆ ಅಂತ ಪುಟ್ಟು ಕೇಳಿದ್ದಾನೆ. "ಮದಲ ಹೊಟ್ಟ್ಯಾಗ. ಆಮ್ಯಾಲ ತಲಿ ತಿರಗತದ. ಆಟ ಆಡಾಕ ಮನಸ್ಸ ಬರಂಗಿಲ್ಲ ತಮ್ಮಾ." ವಿಡಿಯೊ ಕಲಿಸದ್ದನ್ನು ಈ ಉತ್ತರ ಕಲಿಸಿತು ಅಂತ ನನ್ನ ನಂಬಿಕೆ. ಹೇಳಿದವರು ಮಗುವಿಗೆ ಬೇಕಾದವರು, ಅವರು ಬದುಕಿ ಪಕ್ಕದಲ್ಲೇ ಕೂತಿದ್ದಾರೆ.

ಈಗಲೂ ಹಾಗೆ ಹಸಿದವರು ಇದ್ದಾರಾ ಅಂತ ಮಗು ಕೇಳಿದರೆ ಇಲ್ಲ ಅನ್ನಬೇಡಿ. ಇದ್ದಾರೆ. ಮಳೆ ಕೈಕೊಡುತ್ತೆ, ಕೂಲಿ ಸಿಗಲ್ಲ, ಯುದ್ಧ ಆಗುತ್ತೆ, ಅಂಗಡಿಯಲ್ಲಿ ಅಕ್ಕಿ ಇದ್ದರೂ ಕೈಯಲ್ಲಿ ದುಡ್ಡಿರಲ್ಲ. ನೀನು ಬಿಟ್ಟ ತುತ್ತು ಅದಕ್ಕೆ ಕಾರಣ ಅಲ್ಲ ಅಂತ ಬಾಯಿಬಿಟ್ಟು ಹೇಳಿ. ದೊಡ್ಡವರು ಏನು ಮಾಡಿದ್ದಾರೆ ಅನ್ನೋದನ್ನೂ ಹೇಳಿ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಶುರುವಾಯಿತು. ಮಕ್ಕಳು ಖಾಲಿ ಹೊಟ್ಟೆಯಲ್ಲಿ ಪಾಠ ಕೇಳಬಾರದು ಅಂತಲೇ ಅದು ಬಂದಿದ್ದು.

ಪುಟ್ಟುವಿಗೆ ವಾಂತಿ ನಿಂತಿದೆ, ಬ್ಯಾಗಿನಲ್ಲಿ ಏನೂ ಸಿಗುತ್ತಿಲ್ಲ. ಬೀನ್ಸ್ ಪಲ್ಯ ಈಗಲೂ ಅವನಿಗೆ ಆಗಲ್ಲ, ಅದಕ್ಕೆ ಅದನ್ನು ಬಡಿಸಿಕೊಳ್ಳುವುದೇ ಇಲ್ಲ. ನಿಮ್ಮ ಮಗುವಿನ ತೂಕ ಇಳಿಯುತ್ತಿದ್ದರೆ ಅಥವಾ ವಾಂತಿ ಮುಂದುವರಿದರೆ ಮಾತ್ರ ಇಷ್ಟಕ್ಕೇ ಬಿಡಬೇಡಿ, ಮೊದಲು ಡಾಕ್ಟರಿಗೆ ತೋರಿಸಿ.